ಮನ್ಯಾಗ ಹುಲಿ, ಹೊರಗ ಇಲಿ: ಮಾತು ಸಸ್ತಾ, ಲೆಕ್ಕ ಬ್ಯಾರೆ

ಇಳಕಲ್ಲಿನ ಬಸ್ ಸ್ಟ್ಯಾಂಡ್ ಆಜುಬಾಜಿನ ಚಾದಂಗಡಿಗಳಲ್ಲಿ ಭಾರತ ಟೆಸ್ಟ್ ಸೋತ ಮರುದಿನ ಗಿರಾಕಿ ಜಾಸ್ತಿ. ಗೆದ್ದ ದಿನ ಮಂದಿ ಚಹಾ ಕುಡಿದು ಎದ್ದು ಹೋಗುತ್ತಾರೆ. ಸೋತ ದಿನ ಕುಂತು ಮಾತಾಡುತ್ತಾರೆ. ಹುನಗುಂದದ ಬಸ್ಸು ಬಂದು ಹೋಗುತ್ತದೆ, ಬಾಗಲಕೋಟೆಯದೂ ಬಂದು ಹೋಗುತ್ತದೆ. ಕೈಚೀಲ ಕಾಲ ಬುಡದಲ್ಲಿ ಇಟ್ಟುಕೊಂಡವರು ಏಳುವುದಿಲ್ಲ. ಮುಂದಿನ ಗಾಡಿಗೆ ಹೋದರಾಯಿತು, ಮೊದಲು ಈ ದಾಂಡಿಗರ ವಿಚಾರಣೆ ಮುಗಿಯಲಿ!

ವಿಚಾರಣೆ ಎಷ್ಟೇ ಹೊತ್ತು ನಡೆದರೂ ತೀರ್ಪು ಮಾತ್ರ ಒಂದೇ. "ಇವರೆಲ್ಲಾ ಮನ್ಯಾಗ ಹುಲಿ, ಹೊರಗ ಇಲಿ ರೀ. ನಮ್ಮ ನೆಲದಾಗ ಇನ್ನೂರು ಹೊಡಿತಾರ, ವಿಮಾನ ಇಳಿದ ಕೂಡಲೇ ಕೈ ನಡಗತಾವು." ಬಾಗಲಕೋಟೆಯ ಕಿರಾಣಿ ಅಂಗಡಿಯ ಗಲ್ಲಾದ ಮುಂದೆಯೂ ಇದೇ ಮಾತು, ಬಾದಾಮಿ ಸ್ಟೇಷನ್ನಿನಲ್ಲಿ ಗಾಡಿ ಕಾಯುವವರ ಬಾಯಲ್ಲೂ ಇದೇ ಮಾತು.

ಈ ತೀರ್ಪಿನಲ್ಲಿ ಅರ್ಧ ಖರೆ ಇದೆ. 1974ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ನಮ್ಮವರು 42ಕ್ಕೆ ಗಂಟು ಕಟ್ಟಿದ್ದು ಖರೆ. 2020ರ ಡಿಸೆಂಬರಿನಲ್ಲಿ ಅಡಿಲೇಡ್‌ನಲ್ಲಿ 36ಕ್ಕೆ ಮುಗಿದಿದ್ದೂ ಖರೆ. ಆದರೆ ಉಳಿದ ಅರ್ಧ ಮಾತ್ರ ಪೂರ್ತಿ ತಪ್ಪು. ಆ ತಪ್ಪಿನ ದಂಡವನ್ನು ಕಟ್ಟುತ್ತಿರುವವರು ಮುಂಬೈ, ಬೆಂಗಳೂರಿನ ದೊಡ್ಡ ಆಟಗಾರರಲ್ಲ. ನಮ್ಮದೇ ತಾಲೂಕುಗಳ ಹುಡುಗರು. ಅದು ಹೇಗೆ ಅನ್ನುವುದಕ್ಕೆ ಮೊದಲು ಮಣ್ಣಿನ ಮಾತು ಆಗಬೇಕು.

ಎರಿ ಮತ್ತು ಮಸಾರಿ

ಹುನಗುಂದದ ಎರಿ ಹೊಲದಲ್ಲಿ ನಡೆದವನಿಗೂ ಬಾದಾಮಿ ಕಡೆಯ ಮಸಾರಿಯಲ್ಲಿ ನಡೆದವನಿಗೂ ನೆಲ ಎಂದರೆ ಒಂದೇ ಅಲ್ಲ ಎಂದು ಹೇಳಿಕೊಡಬೇಕಾಗಿಲ್ಲ. ಎರಿ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಹಿಂಗಾರಿಯಲ್ಲಿ ಮಳೆ ಇಲ್ಲದಿದ್ದರೂ ಬಿಳಿಜೋಳ ನಿಲ್ಲುತ್ತದೆ. ಬೇಸಿಗೆ ಬಂತೆಂದರೆ ಕಾಲು ಸಿಗಬೀಳುವಷ್ಟು ಬಿರಿಯುತ್ತದೆ. ಮಸಾರಿ ನೀರನ್ನು ಬೇಗ ಬಿಡುತ್ತದೆ, ಬೇಗ ಒಣಗುತ್ತದೆ. ಎರಿಯಲ್ಲಿ ಪಳಗಿದ ಎತ್ತನ್ನು ಕಲ್ಲುನೆಲಕ್ಕೆ ಒಯ್ದು ಹೂಡಿದರೆ ಮೊದಲ ಎರಡು ದಿನ ಅದು ತಡವರಿಸುತ್ತದೆ. ಹಾಗಂತ ಯಾವ ರೈತನೂ ಅದನ್ನು ಮೈಗಳ್ಳ ಎಂದು ಸಂತೆಗೆ ಹೊಡೆಯುವುದಿಲ್ಲ.

ಕ್ರಿಕೆಟ್ ಪಿಚ್ಚೂ ಹೊಲವೇ. ಕೆಂಪು ಮಣ್ಣಿನ ಪಿಚ್ ಚೆಂಡನ್ನು ಎತ್ತರಕ್ಕೆ ಚಿಮ್ಮಿಸುತ್ತದೆ, ಬೇಗ ಒಡೆಯುತ್ತದೆ. ಕರಿ ಮಣ್ಣಿನದು ತಗ್ಗಿ ಬರುತ್ತದೆ, ಸಾವಕಾಶ ಬರುತ್ತದೆ. ಇದು ನಮ್ಮ ದೇಶದೊಳಗಿನ ಭೇದ. ಇಂಗ್ಲೆಂಡಿಗೆ ಹೋದರೆ ಪಿಚ್ ಮೇಲೆ ಹುಲ್ಲು, ನೆಲದಲ್ಲಿ ತೇವ, ತಲೆಯ ಮೇಲೆ ಮೋಡ. ಚೆಂಡು ಗಾಳಿಯಲ್ಲೇ ಹೊರಳುತ್ತದೆ, ನೆಲಕ್ಕೆ ಬಿದ್ದ ಮೇಲೆ ಮತ್ತೊಮ್ಮೆ ಹೊರಳುತ್ತದೆ. ಆಸ್ಟ್ರೇಲಿಯಾದಲ್ಲಿ ಹೊರಳುವುದು ಕಡಿಮೆ, ಆದರೆ ಸೊಂಟಕ್ಕೆ ಬರಬೇಕಾದ ಚೆಂಡು ಎದೆಗೆ ಬರುತ್ತದೆ.

ಚೆಂಡೂ ಒಂದೇ ಅಲ್ಲ. ಇಲ್ಲಿ ಮೀರತ್ತಿನ ಎಸ್.ಜಿ. ಚೆಂಡು, ಇಂಗ್ಲೆಂಡಿನಲ್ಲಿ ಡ್ಯೂಕ್ಸ್, ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಕೂಕಬುರಾ. ಡ್ಯೂಕ್ಸಿನ ಹೊಲಿಗೆ ಕೈಯಿಂದ ಹಾಕಿದ್ದು, ಬಹಳ ಹೊತ್ತು ಎದ್ದು ನಿಂತಿರುತ್ತದೆ. ಕೂಕಬುರಾದ ಹೊಲಿಗೆ ಬೇಗ ಮಲಗುತ್ತದೆ. ಬಟ್ಟೆ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಕೈಮಗ್ಗದ ಸೀರೆಗೂ ಯಂತ್ರಮಗ್ಗದ ಸೀರೆಗೂ ಇರುವ ಫರಕು ಬೆರಳಿಗೆ ಗೊತ್ತಾಗುತ್ತದಲ್ಲ, ಹಾಗೆ.

ಇಲ್ಲಿನ ದಾಂಡಿಗ ಚಿಕ್ಕಂದಿನಿಂದ ಮುಂಗಾಲು ಮುಂದೆ ಹಾಕಿ, ಚೆಂಡಿಗೆ ಕೈ ಚಾಚಿ ಆಡುವುದನ್ನು ಕಲಿತಿರುತ್ತಾನೆ. ಇಲ್ಲಿ ಅದೇ ಸರಿ. ಅದೇ ಆಟ ಇಂಗ್ಲೆಂಡಿನಲ್ಲಿ ಆಡಿದರೆ ಚೆಂಡು ಬ್ಯಾಟಿನ ಅಂಚು ಸವರಿ ಸ್ಲಿಪ್ಪಿನಲ್ಲಿದ್ದವನ ಕೈ ಸೇರುತ್ತದೆ. ಅಲ್ಲಿ ಚೆಂಡು ಮೈ ಹತ್ತಿರ ಬರುವ ತನಕ ತಾಳಬೇಕು, ಬಿಡುವುದನ್ನು ಬಿಡಬೇಕು. ಅಂದರೆ ಹದಿನೈದು ವರ್ಷದ ರೂಢಿಯನ್ನು ಹದಿನೈದು ದಿನದಲ್ಲಿ ಮರೆಯಬೇಕು. ಇಳಕಲ್ಲಿನ ಕೆಂಪು ಕಲ್ಲು ಹಡಗು ಹತ್ತಿ ಯಾವ ದೇಶಕ್ಕೆ ಹೋದರೂ ಬಣ್ಣ ಬದಲಿಸುವುದಿಲ್ಲ. ಮನುಷ್ಯನ ಕೈ ಕಲ್ಲಲ್ಲ.

ನಮ್ಮ ರಾಜ್ಯದವರ ಖಾತೆ

ಈಗ ಲೆಕ್ಕದ ಪುಸ್ತಕ ತೆಗೆಯೋಣ. ಅಂಗಡಿಕಾರರಿಗೆ ಇದು ಇಷ್ಟವಾಗುವ ಕೆಲಸ. ದೂರದವರು ಬೇಡ, ಕರ್ನಾಟಕದವರನ್ನೇ ನೋಡೋಣ.

ಭದ್ರಾವತಿಯ ಗುಂಡಪ್ಪ ವಿಶ್ವನಾಥ್. 91 ಟೆಸ್ಟ್, 6080 ರನ್, 14 ಶತಕ. ಈ 14ರಲ್ಲಿ 10 ಇಲ್ಲಿ, 4 ಹೊರಗೆ. ನೋಡಿದ್ರಾ, ಇವರೂ ಮನ್ಯಾಗಿನ ಹುಲಿಯೇ ಎಂದು ಯಾರಾದರೂ ಚಹಾ ಲೋಟ ಕುಟ್ಟಬಹುದು. ಆದರೆ ಆ ನಾಲ್ಕು ಯಾವುವು? 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವೆಸ್ಟ್ ಇಂಡೀಸ್ ಮುಂದಿಟ್ಟ 403 ರನ್ನಿನ ಗುರಿಯನ್ನು ಭಾರತ ನಾಲ್ಕೇ ಹುದ್ದರಿ ಕಳೆದುಕೊಂಡು ದಾಟಿತಲ್ಲ, ಆ ಇನಿಂಗ್ಸಿನ 112. 1978ರಲ್ಲಿ ಪಾಕಿಸ್ತಾನದ ಫೈಸಲಾಬಾದ್‌ನಲ್ಲಿ 145. 1979ರಲ್ಲಿ ಲಾರ್ಡ್ಸ್‌ನಲ್ಲಿ ಸೋಲು ಎದುರಿಗೆ ನಿಂತಿದ್ದಾಗ ವೆಂಗ್‌ಸರ್ಕಾರ್ ಜೊತೆ ನಿಂತು 113. 1981ರಲ್ಲಿ ಮೆಲ್ಬರ್ನ್‌ನಲ್ಲಿ 114. ಆ ಮೆಲ್ಬರ್ನ್ ಪಂದ್ಯವನ್ನು ಭಾರತ 59 ರನ್ನಿನಿಂದ ಗೆದ್ದಿತು, ಕೊನೆಗೆ ಆಸ್ಟ್ರೇಲಿಯಾ 83ಕ್ಕೆ ಉರುಳಿತು. ಎರಡು ಗೆಲುವು, ಒಂದು ಉಳಿವು. ನಾಲ್ಕು ಶತಕ ಸಣ್ಣ ಸಂಖ್ಯೆಯೇ. ಆದರೆ ರೊಕ್ಕ ಎಣಿಸುವವನು ನೋಟು ಎಷ್ಟು ಎಂದಷ್ಟೇ ನೋಡುತ್ತಾನೆಯೇ, ಯಾವ ನೋಟು ಎಂದೂ ನೋಡುತ್ತಾನೆಯೇ?

ಅದೇ ಪೋರ್ಟ್ ಆಫ್ ಸ್ಪೇನ್ ಗೆಲುವಿನಲ್ಲಿ ಕೊನೆತನಕ ನಿಂತು 49 ಹೊಡೆದವರು ಬ್ರಿಜೇಶ್ ಪಟೇಲ್. ರಣಜಿ ಪಂದ್ಯಗಳಲ್ಲಿ ಅವರ ಆಟ ಕಂಡವರು, ಟೆಸ್ಟ್‌ನಲ್ಲಿ ಅವರು ಬಯಸಿದಷ್ಟು ಮಾಡಲಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ಅವರ ಏಕೈಕ ಟೆಸ್ಟ್ ಶತಕ, ಔಟಾಗದೆ 115, ಬಂದದ್ದೂ ಅದೇ ಪ್ರವಾಸದಲ್ಲಿ, ಅದೇ ಊರಿನಲ್ಲಿ. ಮನೆಯಲ್ಲಿ ಒಂದೂ ಇಲ್ಲ!

ಇನ್ನು ರಾಹುಲ್ ದ್ರಾವಿಡ್. ಇಂದೋರಿನಲ್ಲಿ ಹುಟ್ಟಿದರೂ ಬೆಳೆದದ್ದು ಬೆಂಗಳೂರು. 164 ಟೆಸ್ಟ್, 13288 ರನ್, 36 ಶತಕ. ಈ 36ರಲ್ಲಿ 21 ಹೊರದೇಶದಲ್ಲಿ. ಭಾರತದಲ್ಲಿ ಆಡಿದ 70 ಟೆಸ್ಟ್‌ಗಳಲ್ಲಿ ಸರಾಸರಿ 51 ಚಿಲ್ಲರೆ, ಹೊರಗೆ ಆಡಿದ 94ರಲ್ಲಿ 53. ಹೊರಗೇ ಜಾಸ್ತಿ. 2002ರಲ್ಲಿ ಲೀಡ್ಸ್‌ನ ಮೋಡದ ಕೆಳಗೆ 148, 2003ರಲ್ಲಿ ಅಡಿಲೇಡ್‌ನಲ್ಲಿ ಮೊದಲು 233, ಆಮೇಲೆ ಗೆಲುವಿನ ತನಕ ನಿಂತು 72. 2004ರಲ್ಲಿ ರಾವಲ್ಪಿಂಡಿಯಲ್ಲಿ 270. 2011ರಲ್ಲಿ ಇಂಗ್ಲೆಂಡಿನಲ್ಲಿ ತಂಡವೆಲ್ಲ ಮಲಗಿದಾಗ ಒಬ್ಬರೇ ಮೂರು ಶತಕ. ಅದೇ ದ್ರಾವಿಡ್ ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ಎಂಟು ಇನಿಂಗ್ಸಿನಲ್ಲಿ 194 ಮಾತ್ರ ಮಾಡಿದರು, ಆರು ಸಲ ಬೌಲ್ಡ್ ಆದರು. ಗೋಡೆ ಎಂದು ಹೆಸರಾದವರೂ ಬಿರುಕು ಬಿಟ್ಟ ಮೇಲೆ ಇದ್ದ ದಾರಿ ಒಂದೇ, ನಿವೃತ್ತಿ. 2012ರ ಮಾರ್ಚಿನಲ್ಲಿ ಬಿಟ್ಟರು. ಇಷ್ಟು ಮರ್ಯಾದೆಯಿಂದ ಕುರ್ಚಿ ಬಿಡುವವರು ಬೇರೆ ಕ್ಷೇತ್ರಗಳಲ್ಲೂ ಸಿಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅದು ಬೇರೆ ಮಾತು.

ಕರಾವಳಿಯಲ್ಲಿ ಬೆಳೆದ ಕೆ.ಎಲ್. ರಾಹುಲ್ ಅವರ ಖಾತೆಯಂತೂ ಚಾದಂಗಡಿಯ ತೀರ್ಪನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತದೆ. 2025ರ ಕೊನೆಯ ತನಕ 11 ಟೆಸ್ಟ್ ಶತಕ. ಅದರಲ್ಲಿ 9 ಹೊರಗೆ, ಎರಡೇ ಎರಡು ಇಲ್ಲಿ. ಸಿಡ್ನಿ, ಕೊಲಂಬೊ, ಕಿಂಗ್‌ಸ್ಟನ್, ಓವಲ್, ಲೀಡ್ಸ್, ಲಾರ್ಡ್ಸ್‌ನಲ್ಲಿ ಎರಡು, ದಕ್ಷಿಣ ಆಫ್ರಿಕಾದ ಸೆಂಚುರಿಯನ್‌ನಲ್ಲಿ ಎರಡು. ಇಲ್ಲಿಯವು 2016ರಲ್ಲಿ ಚೆನ್ನೈಯ 199, ಆಮೇಲೆ ಸುಮಾರು ಒಂಬತ್ತು ವರ್ಷ ಬಿಟ್ಟು 2025ರಲ್ಲಿ ಅಹಮದಾಬಾದಿನ 100. ಇವರ ಒಟ್ಟು ಸರಾಸರಿ ಇನ್ನೂ 40 ದಾಟಿಲ್ಲ. ಹಾಗಾದರೆ ಇವರನ್ನು ಏನೆನ್ನಬೇಕು? ಹೊರಗ ಹುಲಿ, ಮನ್ಯಾಗ ಇಲಿ?

ಹೊಸ ಚೆಂಡನ್ನು ಎದುರಿಸುವ ಆರಂಭಿಕ ದಾಂಡಿಗನಿಗೆ ಇಂಗ್ಲೆಂಡಿನಲ್ಲಿ ಕೆಲಸ ಕಠಿಣ, ಆದರೆ ಚೆಂಡು ಬ್ಯಾಟಿಗೆ ಬರುತ್ತದೆ. ಬಿಡುವುದನ್ನು ಬಲ್ಲವನಿಗೆ ಬೇಳೆ ಬೇಯುತ್ತದೆ. ಇಲ್ಲಿ ಹತ್ತು ಓವರ್ ಆಗುವುದರೊಳಗೆ ಸ್ಪಿನ್ನರ್ ಬಂದು ನಿಲ್ಲುತ್ತಾನೆ, ಒಂದು ಚೆಂಡು ತಿರುಗುತ್ತದೆ, ಇನ್ನೊಂದು ನೇರ ಬರುತ್ತದೆ. ಬಿಡುವ ಮಾತೇ ಇಲ್ಲ. ಅಲ್ಲಿ ಗುಣವಾದದ್ದು ಇಲ್ಲಿ ದೋಷವಾಗುತ್ತದೆ. ಮನುಷ್ಯ ಅವನೇ, ನೆಲ ಬೇರೆ.

ಒಂದು ರನ್ನಿನ ಕತೆ

ಮೊಹಿಂದರ್ ಅಮರನಾಥ್ ಕತೆಯನ್ನು ಹಳಬರು ಮರೆತಿಲ್ಲ. 1982-83ರಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ಎರಡೂ ಕಡೆ, ಜಗತ್ತಿನ ಅತಿ ವೇಗದ ಬೌಲರ್‌ಗಳ ಎದುರು, ಐದು ಶತಕ ಹೊಡೆದು ಬಂದರು. ಮುಂದೆ ಅದೇ 1983ರಲ್ಲಿ ವೆಸ್ಟ್ ಇಂಡೀಸ್ ಇಲ್ಲಿಗೆ ಬಂತು. ಅದೇ ಬೌಲಿಂಗ್, ನೆಲ ನಮ್ಮದು, ಮಂದಿ ನಮ್ಮವರು, ಊಟ ನಮ್ಮದು. ಆರು ಇನಿಂಗ್ಸಿನಲ್ಲಿ ಅವರು ಮಾಡಿದ ಒಟ್ಟು ರನ್ ಎಷ್ಟು? ಒಂದು! ಐದು ಸೊನ್ನೆ, ಒಂದು ಒಂದು. ರೇಡಿಯೋ ಕಿವಿಗೆ ಹಚ್ಚಿ ಕುಂತವರು ಆಗ ಕೇಳಿದ್ದು ನಂಬಲಿಲ್ಲ. ಸುನೀಲ್ ಗಾವಸ್ಕರ್ ಕೂಡ 34 ಶತಕಗಳಲ್ಲಿ 18 ಹೊಡೆದದ್ದು ಹೊರಗೆ.

ಹೊರಗಿನಿಂದ ಇಲ್ಲಿಗೆ ಬಂದವರ ಕತೆಯೂ ಹೀಗೇ. ಆಸ್ಟ್ರೇಲಿಯಾದ ರಿಕಿ ಪಾಂಟಿಂಗ್ 2001ರಲ್ಲಿ ಇಲ್ಲಿ ಐದು ಇನಿಂಗ್ಸಿನಲ್ಲಿ ಮಾಡಿದ್ದು 17 ರನ್, ಹರ್ಭಜನ್ ಸಿಂಗ್ ಕೈಗೆ ಸಿಕ್ಕಿಬಿದ್ದರು. ಅದೇ ತಂಡದ ಮ್ಯಾಥ್ಯೂ ಹೇಡನ್ ಮೂರು ಟೆಸ್ಟ್‌ಗಳಲ್ಲಿ 549 ಮಾಡಿದರು. ಇಬ್ಬರೂ ಒಂದೇ ದೇಶದವರು, ಒಂದೇ ಹೋಟೆಲಿನಲ್ಲಿ ಉಂಡವರು. ಫರಕು ಏನು? ಹೇಡನ್ ಸ್ಪಿನ್ನಿಗೆ ಸ್ವೀಪ್ ಹೊಡೆತವನ್ನು ತಯಾರು ಮಾಡಿಕೊಂಡೇ ಬಂದಿದ್ದರು. ವಿರಾಟ್ ಕೊಹ್ಲಿ 2014ರಲ್ಲಿ ಇಂಗ್ಲೆಂಡಿನಲ್ಲಿ ಹತ್ತು ಇನಿಂಗ್ಸಿಗೆ 134, ಆಂಡರ್ಸನ್ ಕೈಯಲ್ಲಿ ನಾಲ್ಕು ಸಲ ಔಟ್. ನಾಲ್ಕು ವರ್ಷ ಬಿಟ್ಟು ಅಲ್ಲಿಗೇ ಹೋಗಿ 593 ಮಾಡಿದರು, ಆಂಡರ್ಸನ್‌ಗೆ ಒಮ್ಮೆಯೂ ಸಿಗಲಿಲ್ಲ. ಹೊರಗಿನ ನೆಲ ಹಣೆಬರಹ ಅಲ್ಲ. ಕಲಿಯುವ ವಿದ್ಯೆ. ಆದರೆ ಕಲಿಯಲು ಎರಡನೇ ಸಲ ಹೋಗುವ ಅವಕಾಶ ಸಿಗಬೇಕು.

ಆ ಅವಕಾಶ ಎಲ್ಲರಿಗೂ ಸಿಗುತ್ತದೆಯೇ? ಕರುಣ್ ನಾಯರ್ ಅವರನ್ನು ನೆನೆಯಿರಿ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಮೊದಲ ಶತಕವೇ ಮುನ್ನೂರು. ಮುಂದೆ ಆಸ್ಟ್ರೇಲಿಯಾ ವಿರುದ್ಧ 26, 0, 23, 5. ಇವೆಲ್ಲ ಇಲ್ಲೇ, ಭಾರತದಲ್ಲೇ. ಅಲ್ಲಿಗೆ ಬಾಗಿಲು ಬಂದ್. 2018ರಲ್ಲಿ ಇಂಗ್ಲೆಂಡಿಗೆ ಕರಕೊಂಡು ಹೋಗಿ ಐದು ಟೆಸ್ಟ್ ಹೊರಗೆ ಕೂರಿಸಿ ಕರಕೊಂಡು ಬಂದರು. ಆಮೇಲೆ ಅವರೇ ಕೌಂಟಿ ಆಡಲು ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ಗೆ ಹೋದರು, 2024ರಲ್ಲಿ ಅಲ್ಲಿ ದ್ವಿಶತಕ ಹೊಡೆದರು. ಕರ್ನಾಟಕದಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋಗಿ ರಣಜಿ ಗೆಲ್ಲಿಸಿದರು. 2025ರಲ್ಲಿ ಮತ್ತೆ ಕರೆ ಬಂತು. ಭಾರತ 'ಎ' ಪರ ಕ್ಯಾಂಟರ್‌ಬರಿಯಲ್ಲಿ 204 ಹೊಡೆದು ಟೆಸ್ಟ್‌ಗೆ ಇಳಿದವರು ಎಂಟು ಇನಿಂಗ್ಸಿನಲ್ಲಿ 205 ಮಾಡಿದರು, ದೊಡ್ಡದು ಎಂದರೆ 57. ಸರಿ, ಸಾಲದು. ಆದರೆ ಮರಳಿ ಬಂದ ಕೂಡಲೇ ಮಂದಿ ಹಚ್ಚಿದ ಚೀಟಿ ಅದೇ: ಚೆನ್ನೈಯಲ್ಲಿ ಮುನ್ನೂರು, ಇಂಗ್ಲೆಂಡಿನಲ್ಲಿ ಏನೂ ಇಲ್ಲ, ಮನ್ಯಾಗಿನ ಹುಲಿ. ಇಂಗ್ಲೆಂಡಿನಲ್ಲೇ ಹೊಡೆದ ಎರಡು ದ್ವಿಶತಕ ಯಾರ ಲೆಕ್ಕಕ್ಕೂ ಬರಲಿಲ್ಲ. 26, 0, 23, 5 ಬಂದದ್ದು ಮನೆಯಲ್ಲೇ ಅನ್ನುವುದೂ ನೆನಪಿಗೆ ಬರಲಿಲ್ಲ.

ಮನೆಯಾದರೂ ಸುರಕ್ಷಿತವೇ? 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಳೆ ಬಿತ್ತು, ಮೊದಲ ದಿನ ಆಟವೇ ಇಲ್ಲ. ಎರಡನೇ ದಿನ ಮೋಡ ಮುಸುಕಿದ್ದಾಗ ಟಾಸ್ ಗೆದ್ದು ಬ್ಯಾಟ್ ಹಿಡಿದ ಭಾರತ 46ಕ್ಕೆ ಮುಗಿಯಿತು. ಐವರು ಸೊನ್ನೆ. ಸ್ವಂತ ನೆಲದಲ್ಲಿ ಇದಕ್ಕಿಂತ ಕಡಿಮೆ ಭಾರತ ಎಂದೂ ಮಾಡಿರಲಿಲ್ಲ. ಬೆಂಗಳೂರು ಆ ಒಂದು ಮುಂಜಾನೆಗೆ ಲೀಡ್ಸ್ ಆಗಿತ್ತು. ನ್ಯೂಜಿಲೆಂಡ್ ಆ ಸರಣಿಯನ್ನು 3-0 ಒಯ್ದಿತು. ಮರುವರ್ಷ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಬಂದು 2-0 ಗೆದ್ದು ಹೋಯಿತು. ಕೋಲ್ಕತ್ತಾದಲ್ಲಿ 124 ಬೇಕಿದ್ದಾಗ ನಮ್ಮವರು 93ಕ್ಕೆ ಔಟ್. ಪಿಚ್ ತಿರುಗಬೇಕು ಎಂದು ನಾವೇ ಕೇಳಿ ಮಾಡಿಸಿಕೊಂಡದ್ದು, ನಮಗೇ ತಿರುಗಿತು.

ಬೆಂಗಳೂರಿನ ಆ ಟೆಸ್ಟ್‌ನಲ್ಲಿ ನ್ಯೂಜಿಲೆಂಡ್ ಪರ 134 ಹೊಡೆದ ಹುಡುಗ ರಚಿನ್ ರವೀಂದ್ರ. ಹುಟ್ಟಿದ್ದು ವೆಲ್ಲಿಂಗ್ಟನ್, ತಂದೆ ತಾಯಿ ಬೆಂಗಳೂರಿನವರು. ಅವನಿಗೆ ಚಿನ್ನಸ್ವಾಮಿ ಮನೆಯೋ, ಹೊರಗೋ? ಸರಣಿಗೆ ಮೊದಲು ಆತ ಚೆನ್ನೈಗೆ ಬಂದು ಕೆಂಪು ಮಣ್ಣಿನ ಪಿಚ್ಚು, ಕರಿ ಮಣ್ಣಿನ ಪಿಚ್ಚು ಎರಡರ ಮೇಲೂ ಅಭ್ಯಾಸ ಮಾಡಿ ಹೋಗಿದ್ದ. ಎರಿ, ಮಸಾರಿ ಎರಡನ್ನೂ ಕಾಲಿಗೆ ರೂಢಿ ಮಾಡಿಕೊಂಡು ಬಂದಿದ್ದ ಅನ್ನಿ. ಇದಕ್ಕೆ ಪೂರಾ ಉಲ್ಟಾ ಉದಾಹರಣೆ ನಮ್ಮವರದೇ ಇದೆ. 2018ರ ಆರಂಭದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದವರು ಅಭ್ಯಾಸ ಪಂದ್ಯವನ್ನೇ ಕೈಬಿಟ್ಟು ನೇರ ಟೆಸ್ಟ್‌ಗೆ ಇಳಿದರು. ಮೊದಲೆರಡು ಸೋತರು, ಮೂರನೆಯದನ್ನು ಗೆದ್ದರು. ಅಭ್ಯಾಸ ಆದದ್ದು ಟೆಸ್ಟ್‌ನಲ್ಲೇ, ಫೀಸು ಕಟ್ಟಿದ್ದು ಸರಣಿಯಲ್ಲಿ. ವಿಶ್ವನಾಥ್ ಕಾಲದ ಪ್ರವಾಸಗಳಲ್ಲಿ ಟೆಸ್ಟ್‌ಗಳ ನಡುವೆ ಕೌಂಟಿ ಪಂದ್ಯಗಳು ಇರುತ್ತಿದ್ದವು, ಕೈ ಪಳಗುತ್ತಿತ್ತು.

ಹುಬ್ಬಳ್ಳಿಯೇ ಇಂಗ್ಲೆಂಡು

ಇಷ್ಟೆಲ್ಲ ಬರೆದದ್ದು ಯಾಕೆಂದರೆ, ನಮ್ಮ ಜಿಲ್ಲೆಯ ಹುಡುಗನಿಗೆ ಹೊರದೇಶ ಎಂದರೆ ಲಂಡನ್ ಅಲ್ಲ. ಹುಬ್ಬಳ್ಳಿ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಹುಡುಗರು ಸಂಜೆ ಆಡುವುದು ಹೆಚ್ಚಾಗಿ ಟೆನಿಸ್ ಚೆಂಡಿನಲ್ಲಿ. ಗಟ್ಟಿ ನೆಲ, ಇಲ್ಲವೇ ಸಿಮೆಂಟಿನ ಪಟ್ಟಿ, ಬಹಳ ಆದರೆ ನಾರಿನ ಮ್ಯಾಟು. ಟೆನಿಸ್ ಚೆಂಡು ಹಗುರ, ಎದೆಮಟ್ಟ ಪುಟಿಯುತ್ತದೆ, ಹೊಲಿಗೆ ಇಲ್ಲ. ಮುಂಗಾಲು ಪಕ್ಕಕ್ಕೆ ಸರಿಸಿ ಅಡ್ಡ ಬೀಸಿದರೆ ಸಿಕ್ಸರು. ಮ್ಯಾಟಿನ ಮೇಲೆ ತೊಗಲಿನ ಚೆಂಡಾದರೂ ಪ್ರತಿ ಸಲ ಒಂದೇ ಎತ್ತರಕ್ಕೆ ಬರುತ್ತದೆ, ನಂಬಿ ಹೊಡೆಯಬಹುದು. ಇದರಲ್ಲೇ ಬೆಳೆದ ಹುಡುಗ ಊರಿಗೆ ಹೀರೋ. ಪಂದ್ಯಾವಳಿಯಲ್ಲಿ ಅವನ ಹೆಸರು ಮೈಕಿನಲ್ಲಿ ಕೂಗಿದರೆ ಮಂದಿ ಶಿಳ್ಳೆ ಹಾಕುತ್ತಾರೆ.

ಒಂದು ದಿನ ಅದೇ ಹುಡುಗ ಆಯ್ಕೆಗೆಂದು ಬ್ಯಾಗು ಹೆಗಲಿಗೆ ಹಾಕಿ ಮುಂಜಾನೆಯ ಮೊದಲ ಬಸ್ಸು ಹತ್ತುತ್ತಾನೆ. ಅಲ್ಲಿ ಹುಲ್ಲಿನ ಪಿಚ್, ಬೆಳಗಿನ ತೇವ, ಹೊಸ ತೊಗಲಿನ ಚೆಂಡು. ಮೊದಲ ಚೆಂಡು ಅವನು ಅಂದುಕೊಂಡದ್ದಕ್ಕಿಂತ ಒಂದು ಗೇಣು ತಗ್ಗಿ ಬರುತ್ತದೆ. ಎರಡನೆಯದು ಬಿದ್ದ ಮೇಲೆ ಹೊರಗೆ ಹೊರಳುತ್ತದೆ. ಮೂರನೆಯದಕ್ಕೆ ಕಡ್ಡಿ ಹಾರುತ್ತದೆ. ಅಷ್ಟೇ. ಆರು ತಾಸು ಬಸ್ಸಿನಲ್ಲಿ ಕುಂತದ್ದು ಮೂರು ಚೆಂಡಿಗೆ. ಸಂಜೆ ಊರಿಗೆ ಇಳಿದರೆ ಸ್ಟ್ಯಾಂಡಿನಲ್ಲೇ ಪ್ರಶ್ನೆ: "ಏನಾತೋ ತಮ್ಮಾ?" ಹುಡುಗ ಮಾತಾಡುವುದಿಲ್ಲ. ಕೇಳಿದವರೇ ಉತ್ತರ ಹೇಳಿ ಮುಗಿಸುತ್ತಾರೆ: "ಬಿಡಪಾ, ಊರಾಗಷ್ಟ ನಿನ್ನ ಆಟ."

ಅಲ್ಲಿಗೆ ಆ ಹುಡುಗ ಮುಗಿದ. ಮರುವರ್ಷ ಅವನು ಹೋಗುವುದಿಲ್ಲ, ಅಪ್ಪ ಕಳಿಸುವುದೂ ಇಲ್ಲ. ದ್ರಾವಿಡ್ ಆಸ್ಟ್ರೇಲಿಯಾದಲ್ಲಿ ಆರು ಸಲ ಬೌಲ್ಡ್ ಆಗುವುದಕ್ಕೆ ಮೊದಲು ಅವರ ಹಿಂದೆ ಹದಿನೈದು ವರ್ಷದ ಲೆಕ್ಕವಿತ್ತು. ಕೊಹ್ಲಿಗೆ 2018 ಸಿಕ್ಕಿತು. ಈ ಹುಡುಗನಿಗೆ ಸಿಕ್ಕದ್ದು ಮೂರು ಚೆಂಡು. ಅವನ ಕೈಯಲ್ಲಿ ಆಟ ಇರಲಿಲ್ಲವೋ, ಕಾಲ ಕೆಳಗೆ ಆ ನೆಲ ಎಂದೂ ಇರಲಿಲ್ಲವೋ ಎಂದು ಯಾರೂ ಕೇಳಲಿಲ್ಲ. "ಮನ್ಯಾಗ ಹುಲಿ" ಅನ್ನುವ ಮಾತು ದೊಡ್ಡವರಿಗೆ ತಟ್ಟುವುದಿಲ್ಲ, ಅವರು ಪತ್ರಿಕೆ ಮಡಚಿ ಇಡುತ್ತಾರೆ. ಹದಿನಾರರ ಹುಡುಗನಿಗೆ ಸರಿಯಾಗಿ ತಟ್ಟುತ್ತದೆ.

ನಮ್ಮ ಸೀಮೆಯವನು ಹೊರಗೆ ಆಡಲಾರ ಅನ್ನುವವರಿಗೆ ಗದಗಿನ ಸುನೀಲ್ ಜೋಶಿ ಉತ್ತರ. ಹುಡುಗನಿದ್ದಾಗ ಬೆಳಕು ಹರಿಯುವ ಮೊದಲೇ ಗದಗ ಬಿಟ್ಟು ಅರವತ್ತು ಕಿಲೋಮೀಟರ್ ಹತ್ತಿರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಸಾಲಿಯ ಗಂಟೆ ಹೊಡೆಯುವುದರೊಳಗೆ ಮರಳಿ ಬರುತ್ತಿದ್ದವರು. ಭಾರತದ ಪರ 15 ಟೆಸ್ಟ್ ಆಡಿದರು. ಮುಖ್ಯವಾಗಿ ಬೌಲರ್. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಹತ್ತು ಓವರಿಗೆ 6 ರನ್ ಕೊಟ್ಟು 5 ಹುದ್ದರಿ ಕಿತ್ತರು. ಟೆಸ್ಟ್‌ನಲ್ಲಿ ಬ್ಯಾಟ್ ಹಿಡಿದು ಮಾಡಿದ ಅತಿ ದೊಡ್ಡ ಮೊತ್ತ 92, 2000ನೇ ಇಸವಿಯಲ್ಲಿ ಢಾಕಾದಲ್ಲಿ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್‌ನಲ್ಲಿ. ಪಂದ್ಯದ ಶ್ರೇಷ್ಠ ಆಟಗಾರನೂ ಅವರೇ. ಎರಡೂ ಹೊರಗೆ! ಗದಗಿಗೂ ಬಾದಾಮಿಗೂ ನಡುವೆ ಇರುವುದು ಒಂದೇ ರೈಲು ಹಳಿ. ಆದರೆ ಜೋಶಿ ಅವರಿಗೆ ನಸುಕಿನ ಗಾಡಿ ಹತ್ತಿ ಸಾಲಿಯ ಹೊತ್ತಿಗೆ ಮರಳುವಷ್ಟು ಹುಬ್ಬಳ್ಳಿ ಹತ್ತಿರವಿತ್ತು. ಇಳಕಲ್ಲಿನ ಹುಡುಗ ಅದನ್ನು ಮಾಡಬೇಕೆಂದರೆ ಸಾಲಿಯನ್ನೇ ಬಿಡಬೇಕು.

ಮುಕ್ಕಾಲು ಗುಂಟೆಯೂ ಬೇಡ

ಈಗ ವ್ಯಾಪಾರಸ್ಥರಿಗೆ ಒಂದು ಲೆಕ್ಕ. ಪ್ರತಿ ವರ್ಷ ಜಾತ್ರೆಗೋ, ಗಣಪತಿಗೋ, ಯಾರದೋ ಹುಟ್ಟುಹಬ್ಬಕ್ಕೋ ಟೆನಿಸ್ ಚೆಂಡಿನ ಪಂದ್ಯಾವಳಿ ಏಳುತ್ತದೆ. ಹುಡುಗರು ಪಟ್ಟಿ ಹಿಡಿದು ಅಂಗಡಿ ಅಂಗಡಿಗೆ ಬರುತ್ತಾರೆ. ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ, ಆ ಮಟ್ಟಿಗೆ ನಮ್ಮ ಪೇಟೆಯ ಕೈ ದೊಡ್ಡದು. ಪ್ರಥಮ ಬಹುಮಾನ ಒಬ್ಬರದು, ದ್ವಿತೀಯ ಇನ್ನೊಬ್ಬರದು, ಢಾಲು ಮತ್ತೊಬ್ಬರದು. ಪೆಂಡಾಲು, ಮೈಕು, ಹಾರ, ಶಾಲು. ಎರಡು ದಿನ ಗದ್ದಲ, ಮೂರನೇ ದಿನ ಮೈದಾನದಲ್ಲಿ ಉಳಿಯುವುದು ಗುಟಖಾ ಚೀಟಿ. ಈ ರೊಕ್ಕದಲ್ಲಿ ಹೊರಗಿನ ಊರಿಂದ ಬಾಡಿಗೆಗೆ ಆಡಲು ಬಂದವರು ಒಯ್ಯುವ ಪಾಲು ಎಷ್ಟು ಎಂದು ಪಟ್ಟಿ ಕೊಟ್ಟವರು ಒಮ್ಮೆಯಾದರೂ ಕೇಳಲಿ.

ಹುಲ್ಲಿನ ಒಂದು ಪಿಚ್ಚಿಗೆ ಬೇಕಾದ ಜಾಗ 22 ಗಜ ಉದ್ದ, 10 ಅಡಿ ಅಗಲ. ಗುಣಿಸಿದರೆ 660 ಚದರ ಅಡಿ. ಒಂದು ಗುಂಟೆಗೆ 1089. ಮುಕ್ಕಾಲು ಗುಂಟೆಯೂ ಆಗಲಿಲ್ಲ! ಅಭ್ಯಾಸಕ್ಕೆ ಇಡೀ ಕ್ರೀಡಾಂಗಣ ಬೇಡ, ಬಲೆ ಕಟ್ಟಿದ ಒಂದು ಪಟ್ಟಿ ಸಾಕು. ಪಿಚ್ಚಿಗೆ ಜೇಡಿ ಅಂಶ ಹೆಚ್ಚಿರುವ, ಉರುಳಿಸಿದರೆ ಗಟ್ಟಿ ಕೂಡುವ ಮಣ್ಣು ಬೇಕು. ಹುನಗುಂದದ ಸುತ್ತ ಇರುವ ಎರಿಗೆ ಇನ್ನೇನು ಕೊರತೆ? ತಜ್ಞರು ಬಂದು ಪರೀಕ್ಷೆ ಮಾಡಲಿ. ಬಾದಾಮಿ ಕಡೆಯ ಕೆಂಪು ಮಣ್ಣನ್ನೂ ನೋಡಲಿ. ಪಕ್ಕಪಕ್ಕದಲ್ಲಿ ಒಂದು ಕರಿ, ಒಂದು ಕೆಂಪು ಪಟ್ಟಿ ಮಾಡಿದರೆ ರಚಿನ್ ರವೀಂದ್ರ ಚೆನ್ನೈಗೆ ಬಂದು ಕಲಿತದ್ದನ್ನು ನಮ್ಮ ಹುಡುಗ ಸೈಕಲ್ ಮೇಲೆ ಹೋಗಿ ಕಲಿಯಬಹುದು.

ರಾಜ್ಯ ಕ್ರಿಕೆಟ್ ಸಂಸ್ಥೆಗೆ ಹುಬ್ಬಳ್ಳಿಯಲ್ಲಿ, ಬೆಳಗಾವಿಯಲ್ಲಿ ಒಳ್ಳೆಯ ಮೈದಾನಗಳಿವೆ. ಸಂತೋಷ. ಆದರೆ ಬಾಗಲಕೋಟೆ ಜಿಲ್ಲೆ 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಬಂದದ್ದು ಕಚೇರಿಗಳ ಫಲಕ ಬದಲಿಸಲಿಕ್ಕಷ್ಟೇ ಅಲ್ಲ. ನವನಗರ ಕಟ್ಟುವಾಗ ಸೆಕ್ಟರ್ ಲೆಕ್ಕದಲ್ಲಿ ಜಾಗ ಹಂಚಿದ ಊರು ಇದು. ಮುಳುಗಿದ ಊರಿನ ಮಂದಿಗೆ ಮನೆ ಕೊಟ್ಟವರು ಅವರ ಮೊಮ್ಮಕ್ಕಳಿಗೆ ತಾಲೂಕಿಗೊಂದು ಪಟ್ಟಿ ಹುಲ್ಲು ಕೊಡಲು ಹೆಣಗಬೇಕಾಗಿಲ್ಲ. ಕಾಲೇಜು ಮೈದಾನಗಳಿವೆ, ಸಂಸ್ಥೆಗಳ ಮೈದಾನಗಳಿವೆ. ಸಂಜೆ ಬೀಗ ಹಾಕದಿದ್ದರೆ ಅರ್ಧ ಕೆಲಸ ಆದ ಹಾಗೆ.

ಇದಕ್ಕೆ ಬರುವ ಆಕ್ಷೇಪ ಗೊತ್ತಿರುವಂಥದ್ದೇ. ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಏಪ್ರಿಲ್, ಮೇ ತಿಂಗಳಲ್ಲಿ ಹುಲ್ಲಿಗೆ ನೀರು ಹಾಕುವುದೆಂದರೆ ಮಂದಿ ಸುಮ್ಮನಿರುತ್ತಾರೆಯೇ? ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆಕ್ಷೇಪ ನ್ಯಾಯವಾದದ್ದು. ಆ ಎರಡು ತಿಂಗಳು ಪಟ್ಟಿಗೆ ಬಿಡುವು ಕೊಡಲಿ, ಹುಡುಗರು ಮ್ಯಾಟಿನ ಮೇಲೆಯೇ ಆಡಲಿ. ಮಳೆ ಬಿದ್ದ ಮೇಲೆ ಮತ್ತೆ ಹುಲ್ಲು ಬರುತ್ತದೆ, ಬಾಗಲಕೋಟೆಯ ಬಗಲಿಗೇ ಹಿನ್ನೀರು ಬಂದು ನಿಲ್ಲುತ್ತದೆ. ಕಷ್ಟದ ಪ್ರಶ್ನೆ ನೀರಲ್ಲ, ಪಿಚ್ ನೋಡಿಕೊಳ್ಳುವ ಮನುಷ್ಯ. ದಿನಾ ನಸುಕಿನಲ್ಲಿ ಎದ್ದು ತೇವ ನೋಡಿ, ರೋಲರ್ ಎಳೆಸಿ, ಬಿರುಕಿಗೆ ಮಣ್ಣು ಹಾಕುವವನು ಒಬ್ಬ ಬೇಕು, ಅವನಿಗೆ ತಿಂಗಳ ಪಗಾರ ಬೇಕು. ಢಾಲು ಕೊಟ್ಟವರ ಹೆಸರು ಮೈಕಿನಲ್ಲಿ ಬರುತ್ತದೆ. ಪಗಾರ ಕೊಟ್ಟವರ ಹೆಸರು ಎಲ್ಲೂ ಬರುವುದಿಲ್ಲ. ಪಟ್ಟಿ ಹಿಡಿದು ಈ ಸಲ ಬರುವ ಹುಡುಗರು ಎರಡು ಪಾವತಿ ಪುಸ್ತಕ ತಂದು ಗಲ್ಲಾದ ಮೇಲೆ ಇಡಲಿ, ಒಂದು ಢಾಲಿಗೆ, ಒಂದು ಆ ಮನುಷ್ಯನ ಪಗಾರಕ್ಕೆ. ಯಾವ ಪುಸ್ತಕ ಮೊದಲು ತುಂಬುತ್ತದೆ ನೋಡೋಣ.